ಕಪ್ಪು ಕಾಗದದೊಳಗಿನ ಸೀಸೆ

ಸಿಡ್ನಿ, ಇಳಿದ ದಿನ

ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ನನ್ನ ಚೀಲದಿಂದ ತೆಗೆದು ಕಸದ ತೊಟ್ಟಿಗೆ ಹಾಕಿದ್ದು ಒಣಗಿಸಿದ ಕರಿಬೇವಿನ ಸೊಪ್ಪನ್ನು. ಅದರ ಪಕ್ಕದಲ್ಲೇ ಇದ್ದ, ರೋಗ ತಗುಲಿದ್ದ ಕುರಿಗಳ ಚರ್ಮದ ತೆಳುಪದರಗಳನ್ನು ಅಂಟಿಸಿದ ಇಪ್ಪತ್ತು ಗಾಜುಪಟ್ಟಿಗಳನ್ನು ಅಧಿಕಾರಿ ಬೆಳಕಿಗೆ ಹಿಡಿದು ನೋಡಿ, ಪರವಾನಗಿಗೆ ಮುದ್ರೆಯೊತ್ತಿ, ವಿನಯದಿಂದ ಹಿಂದಿರುಗಿಸಿದ. ಕುರಿಯ ಕಾಯಿಲೆಗೆ ಕಾಗದಪತ್ರವಿತ್ತು, ಕರಿಬೇವಿಗೆ ಇರಲಿಲ್ಲ. ನಿಯಮಗಳನ್ನು ನಾನು ಗೌರವಿಸುವವಳೇ. ಆದರೆ ಆ ಸೊಪ್ಪನ್ನು ನೆರಳಿನಲ್ಲಿ ಎಂಟು ದಿನ ಒಣಗಿಸಿದ್ದೆ ಎಂಬುದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ.

ಪಶುವೈದ್ಯಕೀಯ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ರೋಗಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕುರಿಗಳಿಗೆ ಬರುವ ನೀಲಿನಾಲಿಗೆ ರೋಗದ ವೈರಾಣು, ಕುರಿ ಗುಣವಾದಂತೆ ಕಂಡ ಮೇಲೂ, ಗೊರಸಿನ ಮೇಲಂಚಿನ ಚರ್ಮದಲ್ಲಿ ಉಳಿದಿರುತ್ತದೆ ಎಂಬುದು ನನ್ನ ಜೀವಮಾನದ ವಾದ. ಅದಕ್ಕೆ ಆಧಾರವಾಗಿದ್ದ, ಚರ್ಮದ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಅಚ್ಚುಗಳೆಲ್ಲವೂ, ನನ್ನ ಸ್ಥಾನಕ್ಕೆ ಬಂದ ಮಹಾಶಯರು ಅವನ್ನು ಶೀಟು ಹೊದಿಸಿದ ಕೋಣೆಗೆ ಸಾಗಿಸಿದ ಬೇಸಿಗೆಯಲ್ಲಿ, ಕರಗಿ ಒಂದಾದವು. ಅವರ ಹೆಸರನ್ನು ಬರೆಯುವುದಿಲ್ಲ, ಅವರಿಗೆ ಗೊತ್ತು. ಉಳಿದದ್ದು ಮನೆಯ ಕಪಾಟಿನಲ್ಲಿ ನಾನು ಇಟ್ಟುಕೊಂಡಿದ್ದ, ಹೋಲಿಕೆಗೆಂದು ಆರೋಗ್ಯವಂತ ಕುರಿಗಳ ಕೆಲವೂ ಸೇರಿದ, ಇನ್ನೂ ಬಣ್ಣ ಕಾಣದ ಈ ಇಪ್ಪತ್ತು ಪಟ್ಟಿಗಳು ಮಾತ್ರ. ಇಪ್ಪತ್ತೊಂದನೆಯದು ಈ ಭೂಮಿಯ ಮೇಲೆ ಇಲ್ಲ.

ಸಿಡ್ನಿ, ಮೂರನೆಯ ದಿನ

ಸಮ್ಮೇಳನದಲ್ಲಿ ನನ್ನ ಕೊರಳಿಗೆ ತೂಗುಹಾಕಿದ ಚೀಟಿಯಲ್ಲಿ 'ಮಿಸ್ಟರ್' ಎಂದು ಅಚ್ಚಾಗಿತ್ತು. ಸೀರೆಯುಟ್ಟು ಎದುರಿಗೆ ನಿಂತಿದ್ದ ನನ್ನನ್ನೂ ಚೀಟಿಯನ್ನೂ ಎರಡೆರಡು ಸಲ ನೋಡಿದ ಹುಡುಗಿ, ಹೊಸದನ್ನು ಮುದ್ರಿಸಿ ಕೊಡುವುದಾಗಿ ಹೇಳಿದಳು. ಮೂರು ದಿನ ನಾನು ಮಿಸ್ಟರಾಗಿಯೇ ಇದ್ದೆ. ನನ್ನ ಭಿತ್ತಿಪತ್ರಕ್ಕೆ ಜಾಗ ಸಿಕ್ಕಿದ್ದು ಬಿಸಿನೀರಿನ ಹಂಡೆಗೂ ಶೌಚಾಲಯದ ಬಾಗಿಲಿಗೂ ನಡುವೆ. ಜನಸಂಚಾರಕ್ಕೆ ಕೊರತೆ ಇರಲಿಲ್ಲ; ಎಲ್ಲರೂ ಅವಸರದಲ್ಲಿದ್ದರು.

ನಿಂತು ನೋಡಿದವನು ಒಬ್ಬನೇ. ಚಳಿಗಾಲದಲ್ಲಿ ಮೊಣಕಾಲು ಕಾಣುವ ಚಡ್ಡಿ ತೊಟ್ಟ ಎತ್ತರದ ಮನುಷ್ಯ, ಕೈಯಲ್ಲಿ ಬಿಸ್ಕತ್ತು. ನನ್ನ ಚಿತ್ರಗಳಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಗೆರೆಯನ್ನು ಅದೇ ಬಿಸ್ಕತ್ತಿನಿಂದ ತೋರಿಸಿ ಅವನೆಂದ:

"ಚರ್ಮ ತಾನಾಗಿಯೇ ಮಿನುಗುತ್ತದೆ, ಮೇಟ್. ನೀವು ಕಂಡದ್ದು ಅಷ್ಟೇ ಇರಬಹುದು."

"ಹೋಲಿಕೆಗೆ ಆರೋಗ್ಯವಂತ ಕುರಿಯ ಚರ್ಮವನ್ನೂ ಇಟ್ಟಿದ್ದೇನೆ. ಅದು ಎಡಗಡೆ ಇದೆ. ಅಲ್ಲಿ ಮಿನುಗು ಇಲ್ಲ," ಎಂದೆ.

"ಸ್ವಲ್ಪ ಇದೆಯಲ್ಲ," ಎಂದು ಅವನು ಬಾಗಿ ನೋಡಿದ. "ಹೊಳಪನ್ನು ನಂಬದೆ ಬೇರೆ ಗುರುತು ಹಾಕಿ ನೋಡಿ. ಕಂದು ಬಣ್ಣ ಬಂದರೆ ನಾನು ಬಾಯಿ ಮುಚ್ಚುತ್ತೇನೆ." ಹೀಗೆ ಹೇಳಿ, ಎರಡನೆಯ ಬಿಸ್ಕತ್ತಿಗಾಗಿ ಹೋದ. ಪುಡಿ ನನ್ನ ಸಾರಾಂಶದ ಪ್ರತಿಗಳ ಮೇಲೆ ಉಳಿಯಿತು.

ಅವನು ಹೇಳಿದ್ದರಲ್ಲಿ ಹುರುಳಿಲ್ಲದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಚರ್ಮ ನೇರಳಾತೀತ ಬೆಳಕಿನಲ್ಲಿ ತಾನಾಗಿಯೇ ಮಿನುಗುವುದು ನಿಜ.

ವಿಷಯ ಗೊತ್ತಿಲ್ಲದವರಿಗಾಗಿ ಒಂದು ಮಾತು. ವೈರಾಣುವನ್ನು ಹುಡುಕಲು ನಾವು ಮೊದಲು ಒಂದು ಪ್ರತಿಕಾಯವನ್ನು ಬಿಡುತ್ತೇವೆ. ಅದು ಕಳ್ಳನನ್ನು ಬಲ್ಲ ಮೂಕ: ಕತ್ತಲಲ್ಲಿ ಹೋಗಿ ಹಿಡಿದುಕೊಳ್ಳುತ್ತದೆ, ಆದರೆ ಕೂಗಿ ಹೇಳಲಾರದು. ಆಮೇಲೆ ಎರಡನೆಯ ಪ್ರತಿಕಾಯ ಹೋಗುತ್ತದೆ. ಇದಕ್ಕೆ ಕಳ್ಳನ ಪರಿಚಯವಿಲ್ಲ. ಆ ಮೂಕನ ಹೆಗಲು ಮಾತ್ರ ಗೊತ್ತು. ಆದರೆ ಇದರ ಕೈಯಲ್ಲಿ ದೀಪವಿದೆ. ನಾನು ಮೂವತ್ತು ವರ್ಷ ಬಳಸಿದ ದೀಪ ಹಸಿರಾಗಿ ಹೊಳೆಯುವ ಬಣ್ಣ. ಚಡ್ಡಿಯ ಮನುಷ್ಯ ಕೇಳಿದ್ದು ಇನ್ನೊಂದು ಬಗೆಯ ದೀಪವನ್ನು: ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಹೊತ್ತು ಹೋಗಿ, ಸಿಕ್ಕಿದ ಜಾಗದಲ್ಲಿ ಕಂದುಬಣ್ಣವನ್ನು ಕಟ್ಟುವ ಪ್ರತಿಕಾಯ. ಅದನ್ನು ಕೊಳ್ಳಲು ನನ್ನ ಕಾಲೇಜು ಹನ್ನೊಂದು ವರ್ಷ ಒಪ್ಪಿರಲಿಲ್ಲ. ಮೆಲ್ಬರ್ನಿನಲ್ಲಿ ಅದು ಇತ್ತು. ಹೊರಡುವ ಮೊದಲೇ ನಾನು ಅದನ್ನು ಗೊತ್ತು ಮಾಡಿಕೊಂಡಿದ್ದೆ. ಈಗ ಹೋಗುವುದಕ್ಕೆ ಇನ್ನೊಂದು ಕಾರಣ ಸೇರಿತು.

ಗ್ಲೆನ್ ವೇವರ್ಲಿ

ಮೆಲ್ಬರ್ನಿನ ಈ ಬಡಾವಣೆಯ ತನ್ನ ಮನೆಯಲ್ಲಿ ನನ್ನನ್ನು ಇಳಿಸಿಕೊಂಡವನು ಪ್ರಮೋದ. ಉಡುಪಿಯ ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ, ಈಗ ಪಕ್ಕದ ಕ್ಲೇಟನ್ನಿನ ಪ್ರಯೋಗಾಲಯವೊಂದರಲ್ಲಿ ಸಂಶೋಧಕ. ಅವನ ಹೆಂಡತಿ ಸುಜಾತಾ ಬಾಗಿಲಲ್ಲೇ "ಬನ್ನಿ ಆಂಟಿ" ಎಂದಳು. ನಾನು ಅವಳ ಅತ್ತೆಯೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಸಂಬಂಧ ತಿಳಿಯದ ಎಲ್ಲರಿಗೂ ಆ ಊರಿನಲ್ಲಿ ಇದೊಂದೇ ಸಂಬೋಧನೆ. ಮಗಳು ಅನ್ವಿತಾಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದು ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ತಪ್ಪದೆ ಇಂಗ್ಲಿಷಿನಲ್ಲಿ ಬರುತ್ತಿತ್ತು.

"ಶಾಲೆ ಹೇಗಿದೆಯಮ್ಮಾ?"

"ಇಟ್ಸ್ ಆಲ್‌ರೈಟ್."

"ಕನ್ನಡದಲ್ಲಿ ಹೇಳು."

"ಐ ಜಸ್ಟ್ ಡಿಡ್, ಇನ್ ಮೈ ಹೆಡ್."

ಸುಜಾತಾ ನಕ್ಕಳು. ನಾನು ನಗಲಿಲ್ಲ.

ಊಟವಾದ ಮೇಲೆ ಪ್ರಮೋದ ಫೋನ್ ಕಾರ್ಡು ಗೀಚಿ, ಉದ್ದದ ನಂಬರು ಒತ್ತಿ, ಊರಿನಲ್ಲಿದ್ದ ನನ್ನ ಯಜಮಾನರೊಡನೆ ಮಾತಾಡಿಸಿದ. ಅವರು ಕೇಳಿದ ಮೊದಲ ಪ್ರಶ್ನೆ, "ಪಟ್ಟಿಗಳು ಒಡೆದಿಲ್ಲವಷ್ಟೆ?" ನನ್ನ ಆರೋಗ್ಯವನ್ನು ವಿಚಾರಿಸುವಷ್ಟರಲ್ಲಿ ಕಾರ್ಡು ಮುಗಿಯಿತು.

"ಮೇಡಂ, ಲ್ಯಾಬಲ್ಲಿ ಹೆಲೆನ್ ಅಂತ ಒಬ್ಳು ಇದ್ದಾಳೆ," ಎಂದು ಪ್ರಮೋದ ಎಚ್ಚರಿಸಿದ. "ಇಡೀ ಲ್ಯಾಬ್ ಅವಳದ್ದೇ. ನಮ್ಮ ಬಾಸ್ ಸಹ ಅವಳನ್ನು ಕೇಳದೆ ಫ್ರಿಜ್ ಓಪನ್ ಮಾಡುದಿಲ್ಲ. ಸ್ವಲ್ಪ ಅಡ್ಜಸ್ಟ್ ಮಾಡಿ, ಆಯ್ತಾ?"

"ನಾನು ಯಾವಾಗ ಅಡ್ಜಸ್ಟ್ ಮಾಡಿಲ್ಲ?"

ಅವನು ಸುಜಾತಾಳ ಮುಖ ನೋಡಿದ.

ಕ್ಲೇಟನ್, ಸೋಮವಾರ

ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬನೂ ಚಾಲಕನಿಗೆ ಕೃತಜ್ಞತೆ ಹೇಳಿ ಇಳಿಯುವ ದೇಶವದು. ಮುಟ್ಟಬೇಕಾದ ಊರಿಗೆ ಮುಟ್ಟಿಸುವುದು ಅವನ ಕೆಲಸವಲ್ಲವೇ ಎಂದು ಮೊದಲ ದಿನ ನನಗನ್ನಿಸಿತು. ಎರಡನೆಯ ದಿನದಿಂದ ನಾನೂ ಹೇಳಿದೆ. ಹೇಳದಿದ್ದರೆ ಹಿಂದಿನವರು ನೋಡುತ್ತಿದ್ದರು.

ಹೆಲೆನ್ ಐವತ್ತರ ಸುಮಾರಿನ, ಕತ್ತರಿಸಿದ ನರೆಗೂದಲಿನ ಹೆಂಗಸು. ಕೈಕುಲುಕಿ, "ಬನ್ನಿ ವಿಮಲಾ," ಎಂದಳು. ನನ್ನ ತಾಯಿ ತೀರಿಕೊಂಡ ಮೇಲೆ ಬರಿಯ ಹೆಸರು ಹಿಡಿದು ನನ್ನನ್ನು ಕರೆದವರಲ್ಲಿ ಆಕೆಯೇ ಮೊದಲಿಗಳು.

ಆ ಪ್ರಯೋಗಾಲಯದಲ್ಲಿ ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಗುರುತು ಹೊತ್ತ ಎರಡನೆಯ ಪ್ರತಿಕಾಯದ ಸೀಸೆ, ನನ್ನ ಹೆಬ್ಬೆರಳಿನಷ್ಟೂ ಇಲ್ಲದ್ದು, ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ, ಅದೂ ಬಾಗಿಲಿಗೇ ಜೋಡಿಸಿದ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಪೂರ್ಣ ಪ್ರಕಾಶದಲ್ಲಿ ನಿಂತಿತ್ತು. ಯಾರು ಬಾಗಿಲು ತೆರೆದರೂ ಅದಕ್ಕೆ ಬಿಸಿಗಾಳಿ ಬಡಿಯುತ್ತಿತ್ತು. ಬೇರೊಬ್ಬರು ಇನ್ನೊಂದು ಸೀಸೆಯನ್ನು ಮೇಜಿನ ಮೇಲೆ ಮುಚ್ಚಳವಿಲ್ಲದೆ ಬಿಟ್ಟು, ಹತ್ತು ಗಂಟೆಯಾಯಿತೆಂದು ಕೇಕು ತಿನ್ನಲು ಹೋಗಿದ್ದರು. ಅಲ್ಲಿ ಹತ್ತು ಗಂಟೆಗೆ ಭೂಕಂಪವಾದರೂ ಚಹಾ ತಪ್ಪದು.

ನಮ್ಮಲ್ಲಿ ಹೀಗೆ ಮಾಡಿದವರನ್ನು ನಾನು ತರಗತಿಯಿಂದ ಹೊರಗೆ ನಿಲ್ಲಿಸಿದ್ದೇನೆ. ಹಸಿರು ಬಣ್ಣದ ಪ್ರತಿಕಾಯಕ್ಕೆ ಬೆಳಕು ಸೋಕಿದರೆ ಬಣ್ಣ ಮಾಸುತ್ತದೆ. ಆದ್ದರಿಂದ ನಮ್ಮ ಕಾಲೇಜಿನಲ್ಲಿ ಎಕ್ಸ್‌ರೇ ಫಿಲ್ಮಿನ ಪೊಟ್ಟಣದಲ್ಲಿ ಬರುವ ದಪ್ಪ ಕಪ್ಪು ಕಾಗದವನ್ನು ಒಂದು ತುಂಡೂ ಎಸೆಯುವುದಿಲ್ಲ. ಸೀಸೆಗೆ ಸುತ್ತಿ ದಾರ ಕಟ್ಟುತ್ತೇವೆ. ದಿನಕ್ಕೆ ಆರು ಗಂಟೆ ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ಜನ್ನು ನಂಬುವಂತಿಲ್ಲವಾದ್ದರಿಂದ, ನೀರು ಬೆರೆಸಿದ ಪ್ರತಿಕಾಯಕ್ಕೂ ಪಟ್ಟಿ ತೊಳೆಯುವ ದ್ರಾವಣಕ್ಕೂ ಬೂಷ್ಟು ಹಿಡಿಯದಂತೆ ಸೋಡಿಯಂ ಅಝೈಡ್ ಎಂಬ ವಿಷವನ್ನು ನಾಲ್ಕು ತೊಟ್ಟು ಹಾಕುತ್ತೇವೆ. ಉಪ್ಪಿನಕಾಯಿಗೆ ಉಪ್ಪು ಹೇಗೋ ಹಾಗೆ. ಅದರಿಂದ ಒಮ್ಮೆ ಬೆರೆಸಿದ್ದು ವಾರ ಬಾಳುತ್ತದೆ. ಇಲ್ಲಿಯವರು ಪ್ರತಿದಿನ ಹೊಸದಾಗಿ ಬೆರೆಸಿ, ಸಂಜೆ ಉಳಿದದ್ದನ್ನು ಚೆಲ್ಲುತ್ತಿದ್ದರು.

ನನ್ನ ಕಪ್ಪು ಕಾಗದ ಕೈಚೀಲದಲ್ಲಿತ್ತು. ಸೀಸೆಯ ಮುಂಭಾಗದ ಚೀಟಿಯನ್ನು ನೋಟ್‌ಬುಕ್ಕಿಗೆ ಅಕ್ಷರಶಃ ಇಳಿಸಿಕೊಂಡೆ: ಮೊಲದ ಪ್ರತಿಕಾಯವನ್ನು (ನನ್ನ ಮೂಕ ಮೊಲದ್ದೇ) ಗುರುತಿಸುವಂಥದು, ಮೇಕೆಯಲ್ಲಿ ಬೆಳೆಸಿದ್ದು, ಪೆರಾಕ್ಸಿಡೇಸ್ ಹೊತ್ತದ್ದು, ಇಷ್ಟು ಪಾಲು ನೀರಿಗೆ ಇಷ್ಟು. ಬಳಿಕ ಅದಕ್ಕೆ ಕಾಗದ ಸುತ್ತಿ, ದಾರ ಬಿಗಿದು, ಒಳಗಿನ ಹಲಗೆಗೆ ಸಾಗಿಸಿದೆ.

ಹೆಲೆನ್ ನೋಡಿದಳು. "ಇದಕ್ಕೆ ಬೆಳಕಿನಿಂದ ಏನೂ ಆಗುವುದಿಲ್ಲ, ವಿಮಲಾ."

"ಆಗುವುದಿಲ್ಲವಾದರೆ ಕತ್ತಲಿನಿಂದಲೂ ಏನೂ ಆಗುವುದಿಲ್ಲ," ಎಂದೆ.

"ಅದೂ ಸರಿಯೇ," ಎಂದು ಆಕೆ ಹೊರಟುಹೋದಳು. ವಾದಕ್ಕೆ ಎದುರುವಾದ ಹೂಡದ ಜನರೊಡನೆ ವ್ಯವಹರಿಸುವುದು ಬಲು ಕಷ್ಟ.

ಕ್ಲೇಟನ್, ಬುಧವಾರ

ಮಂಗಳವಾರವೇ ಹತ್ತು ಪಟ್ಟಿಗಳನ್ನು ತೆಗೆದಿದ್ದೆ. ಜೊತೆಗೆ, ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು, ಖಂಡಿತವಾಗಿ ಕಂದಾಗಬೇಕಾದ ಒಂದು ಪರೀಕ್ಷಾಪಟ್ಟಿಯನ್ನು ಹೆಲೆನ್ ಕೊಟ್ಟಳು. ತೊಳೆಯುವ ದ್ರಾವಣವನ್ನು ವಾರಕ್ಕಾಗುವಷ್ಟು ನಾನೇ ಮಾಡಿಕೊಂಡಿದ್ದೆ. ಎರಡು ದಿನದಲ್ಲಿ ಒಂದು ನಿಮಿಷವೂ ಹೆಚ್ಚುಕಡಿಮೆಯಾಗಲಿಲ್ಲ. ಹತ್ತು ಗಂಟೆಯ ಕೇಕಿಗೂ ಹೋಗಲಿಲ್ಲ. ಅದನ್ನು ಅಲ್ಲಿ ಅವಿನಯವೆಂದು ತಿಳಿಯುತ್ತಾರೆಂದು ಪ್ರಮೋದ ಆಮೇಲೆ ಹೇಳಿದ.

ಕೊನೆಯಲ್ಲಿ ಬಣ್ಣದ ದ್ರಾವಣವನ್ನು ಹಾಕಿ ಕಾದೆ. ಐದು ನಿಮಿಷ. ಹತ್ತು ನಿಮಿಷ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ತೊಳೆದ ತಟ್ಟೆ. ಕಂದಿನ ಸುಳಿವೂ ಇರಲಿಲ್ಲ. ನನ್ನ ಹತ್ತು ಪಟ್ಟಿಗಳಲ್ಲಷ್ಟೇ ಅಲ್ಲ, ಖಂಡಿತವಾಗಿ ಕಂದಾಗಬೇಕಾದ ಪಟ್ಟಿಯಲ್ಲೂ ಇಲ್ಲ.

ಪರೀಕ್ಷಾಪಟ್ಟಿಯೂ ಬರಿದಾಗಿದೆಯೆಂದರೆ ತಪ್ಪು ನನ್ನ ಕುರಿಗಳದಲ್ಲ, ಸಾಮಗ್ರಿಯದು. ಇಷ್ಟು ತರ್ಕ ಯಾರಿಗಾದರೂ ಬರುತ್ತದೆ. ಆ ಸಾಮಗ್ರಿಯನ್ನು ಬಾಗಿಲ ಹಲಗೆಯಲ್ಲಿ ಬಿಸಿಗಾಳಿಗೆ ಒಡ್ಡಿ ಕೊಂದವರು ಯಾರೆಂಬುದರಲ್ಲೂ ನನಗೆ ಅನುಮಾನವಿರಲಿಲ್ಲ.

"ಹಳೆಯದನ್ನು ತೊಳೆದು ಮತ್ತೆ ಮಾಡಿ ನೋಡಬಹುದು," ಎಂದಳು ಹೆಲೆನ್.

"ಎರಡು ಸಲ ತೊಳೆದ ಪಟ್ಟಿಯನ್ನು ನಾನು ಸಿಡ್ನಿಯ ಆ ಮನುಷ್ಯನ ಮುಂದೆ ಇಡಲಾರೆ," ಎಂದೆ. "ನನ್ನಲ್ಲಿ ಉಳಿದದ್ದು ಹತ್ತು. ಅವೂ ಹೋದರೆ ನನ್ನ ಮೂವತ್ತು ವರ್ಷ ಚರ್ಮದ ಮಿನುಗಾಗಿಯೇ ಉಳಿಯುತ್ತದೆ."

"ಶುಕ್ರವಾರ ಒಟ್ಟಿಗೆ ನೋಡೋಣ," ಎಂದಳು.

ಗುರುವಾರ ನಾನು ಪ್ರಯೋಗಾಲಯಕ್ಕೆ ಹೋಗಲಿಲ್ಲ. ಪ್ರಮೋದನ ಊಟದ ಮೇಜಿನಲ್ಲಿ ಕುಳಿತು ಆಕ್ಷೇಪಣೆಯ ಪತ್ರ ಬರೆದೆ. ಮೂರು ಪುಟ, ಒಂಬತ್ತು ಅಂಶ. ಗಾಜಿನ ಬಾಗಿಲು, ಬಾಗಿಲ ಹಲಗೆ, ತೆರೆದ ಮುಚ್ಚಳ, ತಾನಾಗಿ ಮಂಜು ಕರಗಿಸಿಕೊಳ್ಳುತ್ತ ಒಳಗಿರುವುದನ್ನು ಪದೇಪದೇ ಬೆಚ್ಚಗಾಗಿಸುವ ಫ್ರೀಜರು, ಹತ್ತು ಗಂಟೆಯ ಕೇಕು: ಯಾವುದನ್ನೂ ಬಿಡಲಿಲ್ಲ.

ಪ್ರಮೋದ ಓದಿ ಕುರ್ಚಿಗೆ ಒರಗಿದ. "ಇದನ್ನು ಕೊಡ್ತೀರಾ ಮೇಡಂ? ನಾನು ಇನ್ನೂ ಎರಡು ವರ್ಷ ಅಲ್ಲಿ ಕೆಲಸ ಮಾಡ್ಬೇಕು ಮಾರಾಯ್ರೆ."

"ಸುಳ್ಳಿರುವ ಒಂದು ಸಾಲು ತೋರಿಸು, ಹೊಡೆದುಹಾಕುತ್ತೇನೆ."

"ಸುಳ್ಳು ಅಂತ ಅಲ್ಲ. ಕೇಕನ್ನಾದ್ರೂ ತೆಗೀರಿ."

ತೆಗೆಯಲಿಲ್ಲ.

ಕ್ಲೇಟನ್, ಶುಕ್ರವಾರ

ಹೆಲೆನ್ ನಿಂತಲ್ಲೇ ಮೂರೂ ಪುಟ ಓದಿದಳು. ಮುಖ ಕೆಂಪಾಗಲಿಲ್ಲ, ನಾನು ಅದಕ್ಕೆ ಸಿದ್ಧಳಾಗಿ ಹೋಗಿದ್ದೆ. ಪತ್ರವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, "ಹಾಗಾದರೆ ಸೀಸೆ ಸತ್ತಿದೆಯೋ ಇಲ್ಲವೋ ಅದನ್ನೇ ಕೇಳೋಣ," ಎಂದಳು.

ಬಿಳಿಯ ಪಿಂಗಾಣಿ ಬಿಲ್ಲೆಯ ಎರಡು ಗುಳಿಗಳಲ್ಲಿ ಬಣ್ಣದ ದ್ರಾವಣವನ್ನು ಹಾಕಿದಳು. ನಾನು ಸುತ್ತಿಟ್ಟಿದ್ದ ಸೀಸೆಯಿಂದ, ಕಾಗದವನ್ನು ಬಿಚ್ಚದೆಯೇ, ಮುಚ್ಚಳ ತೆಗೆದು, ಒಂದು ಸಣ್ಣ ಹನಿಯನ್ನು ಎಡಗುಳಿಗೆ ಬಿಟ್ಟಳು. ಅದು ಮುಟ್ಟುವಷ್ಟರಲ್ಲಿ ದ್ರಾವಣ ಕಾಫಿಯ ಡಿಕಾಕ್ಷನ್ನಿನಂತೆ ಕಂದಾಯಿತು. ಸೀಸೆ ಬದುಕಿತ್ತು. ಬಾಗಿಲ ಹಲಗೆ ಅದನ್ನು ಕೊಂದಿರಲಿಲ್ಲ.

ಬಲಗುಳಿಗೆ, ನಾನು ಬೆರೆಸಿಟ್ಟುಕೊಂಡಿದ್ದ ನನ್ನ ನಳಿಗೆಯಿಂದ ಒಂದು ಹನಿ. ಏನೂ ಆಗಲಿಲ್ಲ. ನಾವಿಬ್ಬರೂ ಬಗ್ಗಿ ನೋಡುತ್ತ ನಿಂತೆವು. ದ್ರಾವಣ ನೀರಿನಂತೆಯೇ ಉಳಿಯಿತು.

"ಇದರಲ್ಲಿ ಇನ್ನೇನು ಹಾಕಿದ್ದೀರಿ, ವಿಮಲಾ?"

"ಏನೂ ಇಲ್ಲ. ನಿಮ್ಮ ಪ್ರತಿಕಾಯ, ನನ್ನ ದ್ರಾವಣ, ನಾಲ್ಕು ತೊಟ್ಟು..."

ಹೆಲೆನ್ ಸೀಸೆಯ ದಾರವನ್ನು ಬಿಚ್ಚಿದಳು. ಕಪ್ಪು ಕಾಗದವನ್ನು ಒಂದೊಂದು ಸುತ್ತಾಗಿ ತೆಗೆದು, ಸೀಸೆಯ ಹಿಂಭಾಗವನ್ನು ನನ್ನ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟಳು. ಅಲ್ಲಿ ಇನ್ನೊಂದು ಚೀಟಿಯಿತ್ತು. ಆಕೆಯದೇ ಕೈಬರಹ, ಕೆಂಪು ಮಸಿ, ಕೆಳಗೆ ಎರಡು ಗೆರೆ: ಅಝೈಡ್ ಹಾಕಬೇಡಿ.

ಹಸಿರು ದೀಪಕ್ಕೆ ಅಝೈಡಿನಿಂದ ಬಾಧೆಯಿಲ್ಲ. ಕಂದು ದೀಪಕ್ಕೆ ಅದೇ ಮರಣ. ಕಿಣ್ವವನ್ನು ಅದು ಕೆಲಸ ಮಾಡಲು ಬಿಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಪುಸ್ತಕದಲ್ಲಿ ಓದಿದ್ದೆ, ಪಾಠ ಮಾಡಿದ್ದೆ, ಐದು ಅಂಕದ ಪ್ರಶ್ನೆಯಾಗಿ ಕೇಳಿ, ತಪ್ಪು ಬರೆದವರಿಗೆ ಸೊನ್ನೆ ಕೊಟ್ಟಿದ್ದೆ. ತಲೆಗೆ ಗೊತ್ತಿತ್ತು. ಮೂವತ್ತು ವರ್ಷ ನಾಲ್ಕು ತೊಟ್ಟು ಹಾಕಿದ ಕೈ ತಲೆಯನ್ನು ಕೇಳಲಿಲ್ಲ. ಎಚ್ಚರಿಕೆ ಕೊಡಬೇಕಾಗಿದ್ದ ಚೀಟಿಯನ್ನು ನಾನೇ ಕಪ್ಪು ಕಾಗದದಲ್ಲಿ ಸುತ್ತಿ, ದಾರ ಬಿಗಿದು ಇಟ್ಟಿದ್ದೆ.

"ಕಾಗದ ಬಿಚ್ಚಿ ನೋಡದೆ ನಾನು..." ಎಂದು ತೊಡಗಿದೆ.

"ನೋ ವರೀಸ್," ಎಂದಳು ಹೆಲೆನ್.

ಓದುಗರು ನಂಬಬೇಕು, ಆ ವಾರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸಿದ್ದು ಈ ಎರಡು ಪದಗಳು. ಬಸ್ಸಿನಲ್ಲಿ ಕಾಲು ತುಳಿದರೂ ಅವರು ಇದನ್ನೇ ಹೇಳುತ್ತಾರೆ. ನಾನು ತುಳಿದದ್ದು ಕಾಲನ್ನಲ್ಲ. ನಿರಪರಾಧಿಯೊಬ್ಬಳ ಮೇಲೆ ಮೂರು ಪುಟದ ಆರೋಪ ಹೊರಿಸಿದ್ದೆ. ಅದು ಇನ್ನೂ ಆಕೆಯ ಜೇಬಿನಲ್ಲಿತ್ತು. ಅದಕ್ಕೆ ತಕ್ಕ ಕೋಪ ನನಗೆ ಸಲ್ಲಬೇಕಾಗಿತ್ತು. ಆಕೆ ಅದನ್ನೂ ಕೊಡಲಿಲ್ಲ. "ಸಮಯ ಹತ್ತಾಯಿತು," ಎಂದಳು. ಹೋಗಿ ಕೇಕು ತಿಂದೆ. ಕ್ಯಾರೆಟ್ಟಿನದು. ಸಿಹಿ ಹೆಚ್ಚಾಗಿತ್ತು.

ಕ್ಲೇಟನ್, ಎರಡನೆಯ ವಾರ

ನನ್ನ ದ್ರಾವಣವನ್ನೆಲ್ಲ ತ್ಯಾಜ್ಯದ ಕ್ಯಾನಿಗೆ ಸುರಿದು, ಪಾತ್ರೆಗಳನ್ನು ಏಳು ಸಲ ತೊಳೆದೆ. ದಿನದ್ದು ದಿನಕ್ಕೇ ಬೆರೆಸಿದೆ. ಸಂಜೆ ಉಳಿದದ್ದನ್ನು ಚೆಲ್ಲುವಾಗ ಮಾತ್ರ ಕಣ್ಣು ಮುಚ್ಚಿಕೊಂಡೆ. ಬಾಟಲಿಯ ಬಳಿಗೆ ಅಭ್ಯಾಸದಿಂದ ಕೈ ಹೋದೀತೆಂಬ ಭಯದಿಂದ, ಅಝೈಡನ್ನು ಬೀರುವಿಗೆ ಹಾಕಿ ಬೀಗದ ಕೈಯನ್ನು ತನ್ನ ಬಳಿ ಇಟ್ಟುಕೊಳ್ಳಲು ಹೆಲೆನ್‌ಗೆ ನಾನೇ ಹೇಳಿದೆ. ಆಕೆ ಹಾಗೆಯೇ ಮಾಡಿದಳು, ನಗಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಮರೆಯದಿರುವುದು ಕೇವಲ ಅವಮಾನಗಳಿಗೆ ಮೀಸಲಲ್ಲ.

ಉಳಿದ ಹತ್ತು ಪಟ್ಟಿಗಳನ್ನೂ ಇಟ್ಟೆ. ಎರಡು ನಿಮಿಷವಾಗುತ್ತಲೇ ಪರೀಕ್ಷಾಪಟ್ಟಿ ಕಂದಾಯಿತು. ನನ್ನ ಪಟ್ಟಿಗಳನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ಪ್ರಮೋದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಪಟ್ಟಿಗಳನ್ನು ಒಂದೊಂದಾಗಿ ಸರಿಸಿ ನೋಡಿದ.

"ಎಂತ ಪ್ರಮೋದ, ಹೇಳು," ಎಂದೆ. ಅವನ ಭಾಷೆ ನನ್ನ ಬಾಯಿಗೆ ಯಾವಾಗ ಬಂತೋ ತಿಳಿಯದು.

"ಉಂಟು ಮೇಡಂ," ಎಂದ. "ಗೊರಸಿನ ಅಂಚಲ್ಲಿ, ಸಣ್ಣ ರಕ್ತನಾಳದ ಸುತ್ತ. ನೀವೇ ನೋಡಿ."

ನೋಡಿದೆ. ಎಂಟು ಪಟ್ಟಿಗಳು ಗುಣವಾದ ಕುರಿಗಳವು. ಆರರಲ್ಲಿ, ನಾನು ಮೂವತ್ತು ವರ್ಷ ಹಸಿರಾಗಿ ಕಂಡಿದ್ದ ಅದೇ ಜಾಗದಲ್ಲಿ, ಕಂದಿನ ಸಣ್ಣ ಉಂಗುರಗಳಿದ್ದವು. ಆರೋಗ್ಯವಂತ ಕುರಿಗಳ ಎರಡೂ ಪಟ್ಟಿಗಳು ಬರಿದಾಗಿದ್ದವು. ಎಂಟಕ್ಕೆ ಎಂಟೂ ಬಂದಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ; ಆರೇ.

ಸಮ್ಮೇಳನದ ಕಚೇರಿಯಿಂದ ವಿಳಾಸ ಪಡೆದು, ಚಿತ್ರಗಳನ್ನು ಸಿಡ್ನಿಯ ಚಡ್ಡಿಯ ಮನುಷ್ಯನಿಗೆ ಇ-ಮೇಲ್ ಮಾಡಿದೆ. ಜೊತೆಗೆ ಒಂದು ಹಾಳೆಯಷ್ಟು ವಿವರಣೆಯನ್ನೂ ಬರೆದೆ. ಮರುದಿನ ಉತ್ತರ ಬಂತು, ಒಂದೇ ಸಾಲು: 'ಬಾಯಿ ಮುಚ್ಚಿದ್ದೇನೆ, ಮೇಟ್.' ಕೆಳಗೆ ತನ್ನ ಹೆಸರನ್ನೂ ಹಾಕಿರಲಿಲ್ಲ.

ಮೆಲ್ಬರ್ನ್, ಹೊರಡುವ ದಿನ

ಹೊರಡುವ ಬೆಳಿಗ್ಗೆ ಕ್ಲೇಟನ್ನಿಗೆ ಹೋಗಿ ಹೆಲೆನ್‌ಗೆ ಕ್ಷಮಾಪಣೆಯ ಪತ್ರ ಕೊಟ್ಟೆ. ಅದೂ ಮೂರು ಪುಟ; ಆರೋಪಕ್ಕಿಂತ ಕ್ಷಮೆ ಚಿಕ್ಕದಿರಬಾರದು. ಆಕೆ ಮೇಜಿನ ಖಾನೆ ಎಳೆದು ನನ್ನ ಹಿಂದಿನ ಪತ್ರವನ್ನು ತೆಗೆದಳು. ಎರಡು ಅಂಶಗಳ ಪಕ್ಕದಲ್ಲಿ ಪೆನ್ಸಿಲಿನ ಗುರುತು.

"ನಾಲ್ಕನೆಯದೂ ಏಳನೆಯದೂ ನಿಜ," ಎಂದಳು. "ಬಾಗಿಲ ಹಲಗೆ ಮತ್ತು ಫ್ರೀಜರು. ಎರಡನ್ನೂ ಬದಲಾಯಿಸಿದ್ದೇವೆ."

"ಕೇಕಿನ ಅಂಶ?"

"ಅದಕ್ಕೆ ಮೇಲ್ಮನವಿ ಸಲ್ಲಿಸಿ."

ಎರಡೂ ಪತ್ರಗಳನ್ನು ಸೇರಿಸಿ ಪಿನ್ನು ಹೊಡೆದು ಖಾನೆಗೆ ಹಾಕಿದಳು. ಕೊನೆಯ ಬಾರಿ ಫ್ರಿಜ್ಜನ್ನು ನೋಡಿಕೊಂಡು ಬರಲು ಹೋದೆ. ಬಾಗಿಲ ಹಲಗೆ ಖಾಲಿಯಾಗಿತ್ತು. ಸೀಸೆಗಳು ಒಳಗಿದ್ದವು, ಹಸಿರು ಬಣ್ಣ ಹೊತ್ತ ನಾಲ್ಕಕ್ಕೆ ನಾನು ಬಿಟ್ಟುಬಂದ ಕಪ್ಪು ಕಾಗದವನ್ನು ಸುತ್ತಿದ್ದರು, ನನ್ನಷ್ಟು ಅಚ್ಚುಕಟ್ಟಾಗಿ ಅಲ್ಲದಿದ್ದರೂ. ಗಾಜಿನ ಬಾಗಿಲಿನ ಮೇಲೆ ಹೆಲೆನ್‌ಳ ಕೆಂಪು ಅಕ್ಷರಗಳಲ್ಲಿ ಹೊಸ ಚೀಟಿಯಿತ್ತು: ಸೀಸೆಗೆ ಏನನ್ನಾದರೂ ಸುತ್ತುವವರು, ಒಳಗಿನ ಚೀಟಿಯಲ್ಲಿರುವುದನ್ನೆಲ್ಲ ಹೊರಗೂ ಬರೆಯತಕ್ಕದ್ದು. ಅದರ ಮೇಲೆ, ತಲೆಬರಹವಾಗಿ, ನನ್ನ ಹೆಸರಿನ ನಿಯಮವೆಂದು ಬರೆದಿತ್ತು.

ನನ್ನ ಪ್ರಮಾದವೊಂದಕ್ಕೆ ನನ್ನ ಹೆಸರಿಟ್ಟು, ಬರುವವರು ಹೋಗುವವರೆಲ್ಲ ಓದುವಂತೆ ಅಂಟಿಸಿದ್ದರು. ಕಿತ್ತುಹಾಕಬೇಕೆಂದು ಕೈಯೆತ್ತಿದೆ. ಆಮೇಲೆ ಪೂರ್ತಿ ಓದಿ, ಕೈ ಇಳಿಸಿದೆ. ಆ ದೇಶಕ್ಕೆ ಕಾಲಿಟ್ಟ ಮೇಲೆ ಮೊದಲ ಬಾರಿಗೆ, ನನ್ನ ಹೆಸರಿನ ಹಿಂದೆ 'ಡಾ.' ಎಂದು ಸರಿಯಾಗಿ ಬರೆದಿತ್ತು.